ಕಂಬಿಗಾಗಿ ಬಿಟ್ಟ ಗುಳಿಗೆ

ಕೆಲಸಕ್ಕೆ ಹೊಸದಾಗಿ ಸೇರಿದ ನರ್ಸ್ ಹುಡುಗಿಯರು ಈಗಲೂ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ, "ಯಕ್ಕಾ, ಇಷ್ಟು ವರ್ಷದಾಗ ನಿಮಗ ಬಾಳ ಕಷ್ಟ ಆಗಿದ್ದು ಯಾವುದ್ರಿ?" ಎಂದು ಕೇಳುತ್ತಾರೆ. ಅಡ್ಡ ಬಿದ್ದ ಕೂಸಿನ ಹೆರಿಗೆಯನ್ನೋ ಹಾವು ಕಚ್ಚಿದವನ ಕಥೆಯನ್ನೋ ಹೇಳುತ್ತೇನೆಂದು ಅವರ ಎಣಿಕೆ. ನಾನು "ಬಿಪಿ" ಎನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಹೆರಿಗೆ ನೋವು ಬಂದವಳು ತಾನೇ ಕೂಗಿ ಕರೆಯುತ್ತಾಳೆ, ಹಾವು ಕಚ್ಚಿದವನನ್ನು ಊರೇ ಹೊತ್ತು ತರುತ್ತದೆ. ನೋವೇ ಇಲ್ಲದ ರೋಗಕ್ಕೆ, ಗಟ್ಟಿಮುಟ್ಟಾಗಿ ಓಡಾಡುವ ಮನುಷ್ಯನಿಗೆ, ಸಾಯುವ ತನಕ ದಿನಾ ಗುಳಿಗೆ ನುಂಗಿಸುವುದಿದೆಯಲ್ಲ, ಅದಕ್ಕೆ ಎಂಟೆದೆ ಬೇಕು.

ನಾನಿದ್ದದ್ದು ರಾಯಚೂರಿನ ಗಡಿಗೆ ಹತ್ತಿದ ಮಕ್ತಲ್‌ನ ಒಂದು ಆರೋಗ್ಯ ಉಪಕೇಂದ್ರದಲ್ಲಿ. ಯಾವಾಗ ಯಾವ ಹುದ್ದೆ ಸಿಕ್ಕಿತು, ಸಂಬಳ ಎಷ್ಟಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಗಂಡನಿಗೂ ನೆನಪಿಲ್ಲ. ತೆಲಂಗಾಣ ಬೇರೆಯಾಯಿತು, ಆಮೇಲೆ ಜಿಲ್ಲೆಗಳೂ ಒಡೆದವು. ಪಾಲಮೂರು, ಅಂದರೆ ಮಹಬೂಬನಗರ ಜಿಲ್ಲೆಯವರೆಂದು ಹೇಳಿಕೊಳ್ಳುತ್ತಿದ್ದ ನಾವು ನಾರಾಯಣಪೇಟೆಯವರಾದೆವು. ನನ್ನ ತವರು ಐಜ ಗದ್ವಾಲದ ಪಾಲಿಗೆ ಹೋಯಿತು. ಬೋರ್ಡುಗಳಿಗೆಲ್ಲ ಹೊಸ ಬಣ್ಣ ಬಂತು. ನಮ್ಮ ಕೆಲಸದಲ್ಲಿ ಬಂದ ದೊಡ್ಡ ಬದಲಾವಣೆ ಎಂದರೆ ಮನೆಮನೆಗೆ ಹೋಗಿ ಬಿಪಿ, ಸಕ್ಕರೆ ನೋಡಬೇಕೆಂಬ ಹುಕುಂ. ಅದರ ಜೊತೆಗೆ ಬಂದದ್ದು ಗುಂಡಿ ಒತ್ತಿದರೆ ತಾನೇ ಉಬ್ಬಿ ತಾನೇ ಲೆಕ್ಕ ಹೇಳುವ ಹೊಸ ಯಂತ್ರ.

ಪಾದರಸದ ಹಳೆಯ ಯಂತ್ರ, ಕಿವಿಗೆ ಸ್ಟೆತೊಸ್ಕೋಪು, ಇವುಗಳಲ್ಲೇ ಬೆಳೆದವಳು ನಾನು. ಹೊಸದು ಬಂದ ಮೊದಲ ವಾರವೇ ಶರಣಪ್ಪನವರ ಕಿರಾಣಿ ಅಂಗಡಿಗೆ ಹೋದೆ. ಎಪ್ಪತ್ತು ದಾಟಿದ ವ್ಯಾಪಾರಿ, ಹಣೆ ತುಂಬ ವಿಭೂತಿ, ನಾಲಗೆಯ ತುಂಬ ತಮಾಷೆ. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದೆ. ಯಂತ್ರ ಉಬ್ಬಿತು, ಇಳಿಯಿತು, ಲೆಕ್ಕ ಹೇಳದೆ ತಪ್ಪು ಎಂಬ ಗುರುತು ತೋರಿಸಿತು. ಮತ್ತೆ ಒತ್ತಿದೆ. ಈ ಸಲ ಒಂದು ಲೆಕ್ಕ, ಮುಂದಿನ ಸಲ ಇನ್ನೊಂದು.

"ಸರ್ಕಾರ ಕೊಟ್ಟ ತಕ್ಕಡಿ ನಮ್ಮ ತಕ್ಕಡಿಗಿಂತ ಬೇಷ್ ಐತಲ್ರಿ ಸಿಸ್ಟರಮ್ಮ! ತೂಗಿದಾಗೊಂದು ತೂಕ," ಎಂದು ಶರಣಪ್ಪ ಗಿರಾಕಿಗಳ ಮುಂದೆ ನಕ್ಕರು.

ನಾನು ಯಂತ್ರಕ್ಕೆ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಿಟ್ಟಿನಲ್ಲಿ ಪಟ್ಟಿ ಬಿಚ್ಚುವಾಗ ಹಳೆಯ ಚಟಕ್ಕೆ ಬೆರಳು ಅವರ ಮಣಿಕಟ್ಟಿನ ಮೇಲೆ ಕೂತಿತು. ನಾಡಿ ಒಮ್ಮೆ ಬಡಿಯಿತು, ನಿಂತಿತು, ಆಮೇಲೆ ಎರಡು ಮೂರು ಒಟ್ಟಿಗೇ ನುಗ್ಗಿದವು. ಬಸ್ಸು ಬಂದಾಗ ಬಾಗಿಲಿಗೆ ಮುಗಿಬೀಳುವ ಜನರ ಹಾಗೆ, ಅದಕ್ಕೆ ಸಾಲೂ ಇಲ್ಲ, ತಾಳವೂ ಇಲ್ಲ. ಯಂತ್ರ ತಬ್ಬಿಬ್ಬಾದದ್ದು ಅದಕ್ಕೇ. ಹುಡುಗಿಯರೇ, ಯಂತ್ರ ತಪ್ಪು ಎಂದಾಗ ಮೊದಲು ಮನುಷ್ಯನ ಕೈ ಹಿಡಿಯಿರಿ.

ನಮ್ಮ ಡಾಕ್ಟರಮ್ಮ ಹೈದರಾಬಾದಿನ ಕಡೆಯವರು, ವಯಸ್ಸಿನಲ್ಲಿ ನನ್ನ ಮಗಳಂಥವರು, ಕೆಲಸದಲ್ಲಿ ನನ್ನ ಅತ್ತೆಯಂಥವರು. ಔಷಧ ಕೊಟ್ಟೆ ಎಂದರೆ ಸಾಲದು, ನುಂಗಿದ್ದನ್ನು ಕಣ್ಣಾರೆ ನೋಡಿದೆಯಾ ಎಂದು ಕೇಳುವವರು. ಅವರು ಶರಣಪ್ಪನವರನ್ನು ರಾಯಚೂರಿಗೆ ಕಳಿಸಿ ಹೃದಯದ ಇಸಿಜಿ ತೆಗೆಸಿದರು. ಬಿಪಿ ಹೆಚ್ಚಿದೆ, ಅದರ ಮೇಲೆ ಹೃದಯದ ಮೇಲಿನ ಕೋಣೆಗಳು ಹಿಂಡುವುದನ್ನು ಬಿಟ್ಟು ಬರೀ ನಡುಗುತ್ತಿವೆ ಎಂದು ಅಲ್ಲಿ ಹೇಳಿದರು. ಡಾಕ್ಟರಮ್ಮ ಅದನ್ನು ತೆಲುಗಿನಲ್ಲಿ ಬಿಡಿಸಿ ಹೇಳಿದರು: "ನೀಳ್ಳು ನಿಲಬಡಿತೇ ಪಾಚಿ ಪಡುತುಂದಿ ಕದಾ ತಾತಾ?" ನಿಂತ ನೀರಿಗೆ ಪಾಚಿ ಕಟ್ಟುತ್ತದಲ್ಲ, ಹಾಗೆ ಆ ಕೋಣೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರು ಮಿದುಳಿಗೆ ಹೋದರೆ ಲಕ್ವಾ. ಹಾಗಾಗದಂತೆ ಕಾಯಲು ಒಂದು ಗುಳಿಗೆ. ಬಿಪಿಗೆ ಒಂದು, ನಾಡಿಯ ಓಟ ತಗ್ಗಿಸಲು ಇನ್ನೊಂದು.

ಜನ ಆ ಕಾಯುವ ಗುಳಿಗೆಯನ್ನು ರಕ್ತ ತೆಳು ಮಾಡುವ ಗುಳಿಗೆ ಎನ್ನುತ್ತಾರೆ. ಆ ಹೆಸರೇ ಅರ್ಧ ಕೆಲಸ ಕೆಡಿಸುತ್ತದೆ. "ದುಡಿದು ತಿಂದು ಗಟ್ಟಿ ಮಾಡಿದ ರಕ್ತ, ತೆಳ್ಳಗ್ಯಾಕ ಮಾಡ್ಬೇಕ್ರಿ?" ಎಂದು ಶರಣಪ್ಪ ಕೇಳಿದರು. ಅವರ ಹೆಂಡತಿ ನೀಲಮ್ಮನದು ಬೇರೆ ತಕರಾರು. ಸೊಪ್ಪು ಒಂದು ವಾರ ಬುಟ್ಟಿಗಟ್ಟಲೆ, ಒಂದು ವಾರ ಏನೂ ಇಲ್ಲ ಎಂದರೆ ಆ ಗುಳಿಗೆಯ ಲೆಕ್ಕ ತಪ್ಪುತ್ತದೆ, ಒಂದೇ ಹದದಲ್ಲಿ ತಿನ್ನಿಸಿ ಎಂದಿದ್ದೆ. "ಪುಂಡಿಪಲ್ಯಕ್ಕೂ ಹದ ಹೇಳೋ ಕಾಲ ಬಂತಲ್ರೀ," ಎಂದು ಆಕೆ ಹಣೆ ಚಚ್ಚಿಕೊಂಡರು. ಒಂದು ದಿನ ನೋಡಿದರೆ ಗಂಡನ ಬಿಪಿ ಗುಳಿಗೆಯನ್ನು ಮುರಿದು ಅರ್ಧ ತಾವೂ ನುಂಗುತ್ತಿದ್ದರು. "ಗಂಡ ಹೆಂಡ್ತಿ ಅಂದ ಮ್ಯಾಲ ಹಂಚ್ಕೊಂಡು ತಿನ್ನಬೇಕಲ್ರಿ," ಎಂದರು. ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟೆ. ಆಮೇಲೆ ಬೈದೆ. ಆಕೆಯ ಬಿಪಿ ಪರೀಕ್ಷಿಸಿ ಆಕೆಗೇ ಬೇರೆ ಗುಳಿಗೆ ಕೊಡಿಸಿದೆ.

ಹೀಗೆ ತಳ್ಳಿಕೊಂಡು ಒಂದು ವರ್ಷಕ್ಕೆ ಮೇಲಾಯಿತು. ಶರಣಪ್ಪನವರ ಬಿಪಿ ಹದಕ್ಕೆ ಬಂತು. ಅಷ್ಟರಲ್ಲಿ ಅವರ ಅಣ್ಣ ತೀರಿಕೊಂಡರು.

ಅಣ್ಣ ಎಂದರೆ ಕಂಬಿ ಹೊರುವವರು. ಯುಗಾದಿಗೆ ಮುಂಚೆ ನಮ್ಮ ಕಡೆಯ ಜನ ಶ್ರೀಶೈಲದ ಮಲ್ಲಯ್ಯನಿಗೆ ನಡೆದು ಹೋಗುತ್ತಾರೆ. ದೇವರ ಹೆಸರಿನಲ್ಲಿ ಸಿಂಗರಿಸಿದ, ಕಾವಡಿಯಂಥ ಕಂಬಿಯನ್ನು ಹೆಗಲ ಮೇಲೆ ಹೊತ್ತು, ಬರಿಗಾಲಲ್ಲಿ, ಕೃಷ್ಣೆಗೆ ಕಟ್ಟಿದ ಜೂರಾಲದ ಅಣೆಕಟ್ಟು ದಾಟಿ, ಗದ್ವಾಲ, ಐಜ, ಕರ್ನೂಲು ಹಿಡಿದು ಕಾಡು ಹೊಗುತ್ತಾರೆ. ಆ ಮನೆಯ ಕಂಬಿಯನ್ನು ಅಣ್ಣನೇ ಹೊರುತ್ತಿದ್ದರು. ಹಾಸಿಗೆ ಹಿಡಿದಾಗ ತಮ್ಮನ ಕೈ ಹಿಡಿದು, ಈ ಸಲ ಮಲ್ಲಯ್ಯನಿಗೆ ನೀನು ಮುಟ್ಟಿಸು ಎಂದರಂತೆ. ಶರಣಪ್ಪ ಹೂಂ ಎಂದುಬಿಟ್ಟಿದ್ದರು.

ಡಾಕ್ಟರಮ್ಮನಿಗೆ ಮನಸ್ಸಿರಲಿಲ್ಲ. ಬೇಡವೆಂದರೆ ಹೇಳದೇ ಹೋಗುತ್ತಾರೆ ಎಂದು ನಾನು ಹೇಳಿದೆ. ಕೊನೆಗೆ ತಂಪು ಹೊತ್ತಿನಲ್ಲಿ ನಡೆಯಬೇಕು, ನೀರು ಕುಡಿಯಬೇಕು, ಒಂದು ಗುಳಿಗೆಯನ್ನೂ ತಪ್ಪಿಸಬಾರದು ಎಂಬ ಕರಾರಿನ ಮೇಲೆ ಒಪ್ಪಿದರು.

ಅಂಗಾಲು ಗಟ್ಟಿಯಾಗಲಿ ಎಂದು ಶರಣಪ್ಪ ಹೊರಡುವ ಮುಂಚೆಯೇ ಬರಿಗಾಲಲ್ಲಿ ಓಡಾಡತೊಡಗಿದರು. ಹಿಮ್ಮಡಿಗೆ ಜಾಲಿ ಮುಳ್ಳು ಹೊಕ್ಕಿತು. ಬೇರೆಯವರಿಗಾದರೆ ಒಂದು ಹನಿ ರಕ್ತ ಬಂದು ನಿಲ್ಲುವ ಗಾಯ. ಇವರಿಗೆ ಅಂಗಡಿಯ ಹೊಸ್ತಿಲು ಒದ್ದೆಯಾಯಿತು. ನಾನು ಹೋಗಿ ಒತ್ತಿ ಹಿಡಿದು ಪಟ್ಟಿ ಕಟ್ಟಿದೆ. ಕಂಬಿಯವರ ತಂಡಕ್ಕೆ ಹಿರಿಯರಾದ ಚನ್ನಬಸಯ್ಯನವರು ಅಲ್ಲೇ ಕೂತಿದ್ದರು. ತೆಳ್ಳನೆಯ ಮುದುಕರು, ಮಾತು ಕಡಿಮೆ. ಊರವರಿಗೆಲ್ಲ ಅವರು ಅಯ್ಯನೋರು.

"ಶರಣಪ್ಪ, ಕಂಬಿ ಹೊತ್ತವನ ರಕ್ತ ಹಾದಿಗೆ ಬೀಳಬಾರದು. ಬಿದ್ರ ಕಂಬಿ ಮುಂದಿನವನ ಹೆಗಲಿಗೆ ಹೋಗ್ತೈತಿ. ಇದು ನಮ್ಮ ತಂಡದ ನೇಮ, ನಿಮ್ಮಣ್ಣಗೂ ಅದ ಇತ್ತು," ಎಂದರು.

"ಬೀಳಂಗಿಲ್ರಿ ಅಯ್ಯನೋರ," ಎಂದರು ಶರಣಪ್ಪ. ನಾನು ಕಾಲಿಗೆ ಅರಿವೆ ಸುತ್ತಿಕೊಂಡು ನಡೆಯಿರಿ, ಗಾಯವಾದರೆ ಹೀಗೆ ಒತ್ತಿ ಹಿಡಿಯಿರಿ, ಗುಳಿಗೆ ಮಾತ್ರ ಬಿಡಬೇಡಿ ಎಂದೆಲ್ಲ ಹೇಳಿದೆ. ಅವರು ತಲೆಯಾಡಿಸಿದರು. ವಾದ ಮಾಡುವ ರೋಗಿಯನ್ನು ನಂಬಬಹುದು, ಎಲ್ಲದಕ್ಕೂ ತಲೆಯಾಡಿಸುವವರನ್ನು ನಂಬಬಾರದು.

ಪ್ರತಿವರ್ಷ ಆ ಹೊತ್ತಿಗೆ ನಾನು ರಜೆ ಹಾಕಿ ಐಜಕ್ಕೆ ಹೋಗುತ್ತಿದ್ದೆ. ನನ್ನ ತಮ್ಮ ವೀರೇಶ ರಸ್ತೆ ಬದಿಗೆ ಚಪ್ಪರ ಹಾಕಿ ನಡೆದು ಬರುವವರಿಗೆ ಮಜ್ಜಿಗೆ, ರೊಟ್ಟಿ ಕೊಡುತ್ತಿದ್ದ. ನಾನು ಒಂದು ಮೂಲೆಯಲ್ಲಿ ಕೂತು ಬೊಬ್ಬೆ ಒಡೆದ ಕಾಲು ತೊಳೆಯುತ್ತಿದ್ದೆ, ಬಿಪಿ ನೋಡುತ್ತಿದ್ದೆ. ಆ ವರ್ಷ ಮಕ್ತಲ್ ಕಂಬಿ ಗದ್ವಾಲ ಬಿಟ್ಟಿದೆ, ಮಧ್ಯಾಹ್ನಕ್ಕೆ ಬರುತ್ತದೆ ಎಂಬ ಸುದ್ದಿ ಬಂದ ಬೆಳಿಗ್ಗೆ ನೀಲಮ್ಮ ಫೋನು ಮಾಡಿದರು.

"ಸಿಸ್ಟರಮ್ಮ, ಬಿಪಿ ಗುಳಿಗಿ ಒಯ್ದಾರ. ಆ ರಕ್ತದ ಗುಳಿಗಿ ಅಷ್ಟೂ ಅಂಗಡಿ ಗಲ್ಲಾದಾಗ ಬಿದ್ದಾವ್ರಿ. ಮುಳ್ಳು ಚುಚ್ಚಿದ ದಿನದಿಂದ ಮುಟ್ಟಿಲ್ಲ ಅಂತ ಕಾಣ್ತೈತಿ."

ರಕ್ತ ಬೀಳಬಾರದು, ಗುಳಿಗೆ ಬಿಟ್ಟರೆ ರಕ್ತ ಬೀಳುವುದಿಲ್ಲ. ವ್ಯಾಪಾರಿಯ ಲೆಕ್ಕ ಅಷ್ಟು ಸರಳ. ಕಂಬಿ ಹೊತ್ತವರು ಮಲೆ ಮುಟ್ಟುವ ತನಕ ಫೋನು ಹಿಡಿಯುವುದಿಲ್ಲ. ಔಷಧದ ಅಂಗಡಿಗೆ ಓಡಿ ಅದೇ ಗುಳಿಗೆಯ ಒಂದು ಪಟ್ಟಿ ತಂದೆ. ಅದನ್ನು ಮುಷ್ಟಿಯಲ್ಲಿ ಹಿಡಿದು ಚಪ್ಪರದ ಮುಂದೆ ನಿಂತೆ. ಯಾರ ಕಾಲನ್ನೂ ತೊಳೆಯಲಾಗಲಿಲ್ಲ. ಕಣ್ಣು ಗದ್ವಾಲದ ರಸ್ತೆಯನ್ನು ಬಿಟ್ಟು ಕದಲಲಿಲ್ಲ.

ಬಿಸಿಲು ನೆತ್ತಿಗೇರಿದ ಮೇಲೆ ಬಂದರು. ಕಂಬಿ ಎಡ ಹೆಗಲ ಮೇಲಿತ್ತು. ಮುಖ ಕಪ್ಪಿಟ್ಟಿತ್ತು, ಆದರೆ ಕಣ್ಣು ನಗುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ, "ಕಂಬಿ ಹೆಗಲ ಮ್ಯಾಲಿದ್ದಾಗ ಬೈಬ್ಯಾಡ್ರಿ ಸಿಸ್ಟರಮ್ಮ. ನೋಡ್ರಿ, ಇಲ್ಲೀತನ ಒಂದು ಹನಿ ರಕ್ತ ಬಿದ್ದಿಲ್ಲ," ಎಂದರು. ಎಷ್ಟು ಹೆಮ್ಮೆಯಿಂದ ಎಂದರೆ, ನನಗೆ ಅಳು ಬಂತು.

ವೀರೇಶ ಮಜ್ಜಿಗೆಯ ಲೋಟ ಕೊಟ್ಟ. ಬಲಗೈಯಲ್ಲಿ ತೆಗೆದುಕೊಂಡರು. ಲೋಟ ಬಿತ್ತು. ಎಲ್ಲರೂ ನಕ್ಕರು, ಅವರೂ ನಗಲು ಹೋದರು. ಬಾಯಿ ಒಂದೇ ಕಡೆಗೆ ಎಳೆಯಿತು. ಬಲಗೈ ಪಕ್ಕದಲ್ಲಿ ಜೋತಾಡುತ್ತಿತ್ತು. ಏನೋ ಹೇಳಿದರು, ಅದು ಕನ್ನಡವೂ ಅಲ್ಲ, ತೆಲುಗೂ ಅಲ್ಲ. ಕಂಬಿ ವಾಲಿತು. ಅಯ್ಯನೋರು ಮುಂದೆ ಬಂದು ಅದನ್ನು ಎರಡೂ ಕೈಯಲ್ಲಿ ಹಿಡಿದರು.

ಮಲಗಿಸಿ ಮಗ್ಗುಲಿಗೆ ತಿರುಗಿಸಿದೆ. ಒಬ್ಬ ನೀರು ಕುಡಿಸಲು ಬಂದ, ಒಬ್ಬ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯಲು ಬಂದ. ಮತ್ತೊಬ್ಬ ಬಿಪಿ ಏರಿದೆ, ನಾಲಗೆಯ ಕೆಳಗೆ ಗುಳಿಗೆ ಇಡಿ ಎಂದ. ಮೂವರಿಗೂ ಗದರಿದೆ. ನುಂಗಲಾಗದವರ ಬಾಯಿಗೆ ಏನು ಹಾಕಿದರೂ ಅದು ಶ್ವಾಸಕ್ಕೆ ಹೋಗುತ್ತದೆ. ಬಿಪಿಯನ್ನು ಆ ಹೊತ್ತಿನಲ್ಲಿ ಧಡಕ್ಕನೆ ಇಳಿಸಿದರೆ ಮಿದುಳಿಗೆ ಇರುವ ರಕ್ತವೂ ತಪ್ಪುತ್ತದೆ. ನನ್ನ ಮುಷ್ಟಿಯಲ್ಲಿ ಆ ಗುಳಿಗೆ ಇತ್ತು. ಅದನ್ನೂ ಕೊಡುವಂತಿರಲಿಲ್ಲ. ಒಳಗೆ ಹೆಪ್ಪು ಅಡ್ಡಬಂದಿದೆಯೋ ರಕ್ತನಾಳ ಒಡೆದಿದೆಯೋ ತಲೆಯ ಸ್ಕ್ಯಾನು ಆಗದೆ ಗೊತ್ತಾಗುವುದಿಲ್ಲ. ಅಷ್ಟು ಹೊತ್ತು ಕಾದು ಹಿಡಿದುಕೊಂಡಿದ್ದ ಗುಳಿಗೆ ಕೈಯಲ್ಲೇ ಉಳಿಯಿತು. ವೀರೇಶನನ್ನು ಜೀಪು ತರಲು ಓಡಿಸಿದೆ.

ಎರಡು ರೊಟ್ಟಿ ಬೇಯುವಷ್ಟು ಹೊತ್ತು ಹೋಗಿರಬಹುದು. ಶರಣಪ್ಪ ಕಣ್ಣು ಬಿಟ್ಟು, "ಯಾಕ, ಏನಾತು?" ಎಂದರು. ಸ್ಪಷ್ಟ ಕನ್ನಡ. ಬಲಗೈ ಎತ್ತಿ ಮುಖ ಒರೆಸಿಕೊಂಡರು. ಬಾಯಿ ನೆಟ್ಟಗಿತ್ತು. ಜನ "ಮಲ್ಲಯ್ಯ ಕಾಯ್ದ!" ಎಂದು ಕೂಗಿದರು.

"ಬಿಸಿಲಿಗೆ ತಲಿ ತಿರುಗಿತ್ತು, ಅಷ್ಟ," ಎಂದು ಅವರು ಎದ್ದೇಬಿಟ್ಟರು. ಅಯ್ಯನೋರ ಮುಂದೆ ಹೋಗಿ ಕಂಬಿಗೆ ಹೆಗಲು ಕೊಡಲು ಬಾಗಿದರು.

ನಾನು ನಡುವೆ ನಿಂತೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಕಷ್ಟದ ಜಾಗದಲ್ಲಿ ನಿಂತಿರಲಿಲ್ಲ. ಬಿದ್ದವನನ್ನು ಆಸ್ಪತ್ರೆಗೆ ಒಯ್ಯಲು ಊರೇ ಕೈಜೋಡಿಸುತ್ತದೆ. ಎದ್ದು ನಿಂತವನನ್ನು ಒಯ್ಯುತ್ತೇನೆ ಎಂದರೆ ಊರೇ ಎದುರು ನಿಲ್ಲುತ್ತದೆ.

"ಬಾಜೂಕ ಸರೀರಿ ಸಿಸ್ಟರಮ್ಮ, ಹೊತ್ತಾಗ್ತೈತಿ," ಎಂದರು ಶರಣಪ್ಪ.

"ಸರಿಯಂಗಿಲ್ಲ. ಇದು ಬಿಸಿಲಲ್ಲ, ಲಕ್ವಾ ಬಂದು ಹಾದು ಹೋಗೈತಿ. ಬಾಗಿಲು ಬಡಿದು ಹೋಗೈತಿ, ತಿರುಗಿ ಬರ್ತೈತಿ. ಕರ್ನೂಲಿಗೆ ನಡೀರಿ."

"ಕಂಬಿ ಬಿಟ್ಟು?"

"ಬಿಟ್ಟು."

ಗುಂಪಿನಲ್ಲಿ ಗದ್ದಲವೆದ್ದಿತು. ಹೆಂಗಸು ಕಂಬಿಗೆ ಅಡ್ಡ ನಿಂತಳು ಎಂದು ಯಾರೋ ಅಂದರು. ನನಗೂ ಒಳಗೆ ಭಯವಿತ್ತು. ಆ ಮನುಷ್ಯ ನೋಡಿದರೆ ಗುಂಡುಕಲ್ಲಿನ ಹಾಗೆ ನಿಂತಿದ್ದಾರೆ. ಏನೂ ಆಗದಿದ್ದರೆ? ಸತ್ತ ಅಣ್ಣನಿಗೆ ಕೊಟ್ಟ ಮಾತನ್ನು ಸುಮ್ಮನೆ ಮುರಿಸಿದವಳಾಗುತ್ತೇನೆ.

ಅಯ್ಯನೋರು ಕೇಳಿದರು: "ಖರೇ ಹೇಳ್ರಿ. ಮತ್ತ ಬರ್ತೈತೇನು?"

"ಬರಬಹುದು, ಬರದೇನೂ ಇರಬಹುದ್ರಿ. ಬಂದ್ರ ಕಾಡಿನ ಹಾದಿಯಾಗ ಯಾರೂ ಉಳಸಾಕ ಆಗಂಗಿಲ್ಲ. ಹಾದಿಗೆ ರಕ್ತ ಬೀಳಬಾರದಂತ ಅವರು ಆ ಗುಳಿಗಿ ಬಿಟ್ಟಾರ."

ಅಯ್ಯನೋರಿಗೆ ಇದು ಗೊತ್ತಿರಲಿಲ್ಲ. ಅವರ ಮುಖ ಇಳಿದುಹೋಯಿತು. ಶರಣಪ್ಪನವರನ್ನೇ ನೋಡುತ್ತ, "ರಕ್ತ ಬೀಳಬಾರದು ಅಂದಿದ್ದೆ ಮಾರಾಯ. ನೀ ಬೀಳಂತ ನಾ ಅಂದಿದ್ದಿಲ್ಲ," ಎಂದರು. ಕಂಬಿಯನ್ನು ತಮ್ಮ ಮುದಿ ಹೆಗಲಿಗೆ ಏರಿಸಿಕೊಂಡು ನಡೆದೇಬಿಟ್ಟರು. ಗುಂಪು ಅವರ ಹಿಂದೆ ಹೋಯಿತು.

ಜೀಪಿನಲ್ಲಿ ಶರಣಪ್ಪ ಎಡ ಹೆಗಲನ್ನು ಬಲಗೈಯಿಂದ ಸವರುತ್ತಿದ್ದರು. ವೀರೇಶ, "ಯಕ್ಕಾ, ಕರ್ನೂಲು ಈಗ ಬ್ಯಾರೆ ರಾಜ್ಯ. ನಮ್ಮ ಆಸ್ಪತ್ರಿ ಕಾರ್ಡು ಅಲ್ಲಿ ನಡೀತೈತೇನು?" ಎಂದ. ಹೆಪ್ಪಿಗೆ ರಾಜ್ಯ ಗೊತ್ತಿಲ್ಲ, ನೀನು ಓಡಿಸು ಎಂದೆ. ತುಂಗಭದ್ರೆಯ ಸೇತುವೆ ದಾಟುವಾಗ ಶರಣಪ್ಪ ಒಂದೇ ಮಾತು ಕೇಳಿದರು: "ಅಣ್ಣಗ ನಾ ಏನ್ ಹೇಳ್ಲಿ?"

ಆಸ್ಪತ್ರೆಯೊಳಗೆ ಅವರು ತಾವೇ ನಡೆದು ಹೋದರು. ಅಲ್ಲಿನ ಡಾಕ್ಟರು ನಡೆದದ್ದನ್ನು ಕೇಳಿ ಕೂಡಲೇ ಸ್ಕ್ಯಾನಿಗೆ ಬರೆದರು. ಬಾಗಿಲ ಮುಂದೆ ಕಾಯುತ್ತ ಬೆಂಚಿನ ಮೇಲೆ ಕೂತೆವು. ಅವರ ತಲೆಯಲ್ಲಿ ಇನ್ನೂ ಹಾದಿಯೇ ಇತ್ತು. "ಕೇಳ್ರಿ ಸಿಸ್ಟರಮ್ಮ, ಈಗ ಒಂದು ಬಸ್ ಹಿಡಿದ್ರ ಸಂಜೀಕ ಕಂಬಿ ಸಿಗ್ತೈತಿ. ಸಂಜೀ..." ಎಂದರು. ಮುಂದಿನ ಮಾತು ಬರಲಿಲ್ಲ. ತಿರುಗಿ ನೋಡಿದರೆ ಬಲಗಡೆಗೆ ಕುಸಿಯುತ್ತಿದ್ದರು. ಈ ಸಲ ಅದು ಹಾದು ಹೋಗಲಿಲ್ಲ.

ಡಾಕ್ಟರು ಎದುರಿಗೇ ಇದ್ದರು. ಸ್ಕ್ಯಾನಿನಲ್ಲಿ ರಕ್ತ ಸೋರಿಲ್ಲ, ಹೆಪ್ಪೇ ಅಡ್ಡಬಂದಿದೆ ಎಂದು ಖಚಿತವಾಯಿತು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಹೊತ್ತು ಮೀರಿರಲಿಲ್ಲ. ಕೊಟ್ಟರು. ನೀಲಮ್ಮ ಬಸ್ಸಿಳಿದು ಬಂದಾಗ ಅವರು ಬಲಗೈಯ ಒಂದು ಬೆರಳು ಅಲ್ಲಾಡಿಸಿದರು. ಆ ಒಂದು ಬೆರಳು ನೋಡಿ ನಾನು ಗೋಡೆಗೆ ಒರಗಿ ಕೂತುಬಿಟ್ಟೆ.

ಕೆಲವು ವಾರಗಳ ಮೇಲೆ ಮಕ್ತಲ್‌ಗೆ ವಾಪಸಾದರು. ಕಾಲು ಸ್ವಲ್ಪ ಎಳೆಯುತ್ತಿತ್ತು, ಮಾತು ನಿಧಾನವಾಗಿತ್ತು, ಅಂಗಡಿಯ ಲೆಕ್ಕ ಮಾತ್ರ ಮೊದಲಿನಷ್ಟೇ ಚುರುಕು. ಕಂಬಿಯನ್ನು ಅಯ್ಯನೋರು ಮಲ್ಲಯ್ಯನಿಗೆ ಮುಟ್ಟಿಸಿ, ವಿಭೂತಿ ತಂದು ಶರಣಪ್ಪನವರ ಹಣೆಗೆ ತಾವೇ ಹಚ್ಚಿದರು. ಮಲ್ಲಯ್ಯ ಒಪ್ಪಿಸಿಕೊಂಡಿದ್ದಾನೆ ಎಂದೂ ಹೇಳಿದರು. ಆದರೂ ಶರಣಪ್ಪ ನನ್ನ ಜೊತೆ ಮಾತು ಬಿಟ್ಟರು. ನಾನು ತಿಂಗಳು ತಿಂಗಳು ಹೋಗುತ್ತಿದ್ದೆ. ಅವರು ಕೈ ಚಾಚಿ ಮುಖವನ್ನು ಆ ಕಡೆ ತಿರುಗಿಸುತ್ತಿದ್ದರು. ನಾಡಿ ನೋಡಿ, ಬಿಪಿ ಬರೆದುಕೊಂಡು ಎದ್ದು ಬರುತ್ತಿದ್ದೆ. ತಮಾಷೆ ಇಲ್ಲ, ಬಾ ಎಂಬುದಿಲ್ಲ, ಹೋಗು ಎಂಬುದಿಲ್ಲ.

ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಹಳ ಬೇಜಾರಾಯಿತು. ಜ್ವರಕ್ಕೆ ಒಂದು ಸೂಜಿ ಚುಚ್ಚಿದರೆ ಕೈಮುಗಿಯುವ ಜನ ಇವರು. ನಿವೃತ್ತಿ ಹತ್ತಿರ ಬಂದ ಒಂದು ದಿನ ತಡೆಯಲಾರದೆ ಅಡುಗೆಮನೆಗೆ ಹೋದೆ. ನೀಲಮ್ಮ ಪುಂಡಿಸೊಪ್ಪು ಸೋಸುತ್ತ ಕೂತಿದ್ದರು.

"ನಾ ಮಾಡಿದ ತಪ್ಪರ ಏನ್ರಿ ಅಮ್ಮಾರ? ಇನ್ನಾ ಎಷ್ಟು ದಿನ ಈ ಸಿಟ್ಟು?" ಎಂದು ಕೇಳಿದೆ.

ನೀಲಮ್ಮ ಸೊಪ್ಪಿನ ಮೇಲಿಂದ ಕಣ್ಣೆತ್ತಲಿಲ್ಲ. "ಬಿಡ್ರಿ ಸಿಸ್ಟರಮ್ಮ. ಸಿಟ್ಟು ಮಾಡಾಕ ಮನಿಯಾಗ ಒಬ್ಬರು ಅದಾರಲ್ಲ, ಮಾಡ್ಲಿ. ದಿನಾ ಸಂಜಿಮುಂದ ನಿಮಗ ಬೈಕೋಂತನ ಆ ರಕ್ತದ ಗುಳಿಗಿ ನುಂಗ್ತಾರ. ಆ ದನಿ ಕಿವಿಗೆ ಬಿದ್ದ ಮ್ಯಾಲನ ನಾ ದೀಪ ಹಚ್ಚೋದು," ಎಂದರು.